ಅಮೆದ್ ಎಂಬ ಹೆಸರನ್ನು ಹೊತ್ತ ತಂಡ

ಕೇಳುಗರಿಗೆ ನಮಸ್ಕಾರ.

ತನ್ನ ಊರಿನ ಹೆಸರನ್ನು ತನ್ನ ನುಡಿಯಲ್ಲಿ ಇಟ್ಟುಕೊಂಡ ಕಾರಣಕ್ಕೆ ದಂಡ ತೆತ್ತ ಫುಟ್‌ಬಾಲ್ ತಂಡವೊಂದಿದೆ. ಟರ್ಕಿಯ ಆಗ್ನೇಯ ಭಾಗದಲ್ಲಿ, ಟೈಗ್ರಿಸ್ ನದಿಯ ದಂಡೆಯ ಮೇಲಿರುವ ದಿಯಾರ್‌ಬಕಿರ್ ನಗರದ ಆ ತಂಡದ ಹೆಸರು ಅಮೆದ್‌ಸ್ಪೋರ್. ಟರ್ಕಿಯಲ್ಲಿ ಅಲ್ಪಸಂಖ್ಯಾತರಾದ, ತಮ್ಮದೇ ಭಾಷೆಯುಳ್ಳ ಕುರ್ದಿಷ್ ಜನರ ಈ ತಂಡ ದೇಶದ ಮೂರನೆಯ ಹಂತದ ಲೀಗ್‌ನಲ್ಲಿ ವರ್ಷಗಟ್ಟಲೆ ಹೆಣಗಾಡಿ, ನಡುವೆ ಒಂದು ಚಳಿಗಾಲದಲ್ಲಿ ಇಡೀ ದೇಶವೇ ತನ್ನತ್ತ ತಿರುಗಿ ನೋಡುವಂತೆ ಮಾಡಿ, ಕೊನೆಗೆ 2024ರಲ್ಲಿ ಮೇಲಿನ ಹಂತಕ್ಕೆ ಏರಿತು. ಇಂದಿನ ಭಾಷಣದಲ್ಲಿ ಆ ಏರಿಕೆಯ ಕಥೆಯನ್ನು ಹೇಳಬೇಕೆಂದಿದ್ದೇನೆ.

ಮೊದಲು ಹೆಸರಿನ ವಿಚಾರವನ್ನು ಹೇಳದೆ ಆಟದ ವಿಚಾರಕ್ಕೆ ಹೋಗುವಂತಿಲ್ಲ. ಈ ನಗರ ಬಹಳ ಹಳೆಯದು. ರೋಮನ್ನರ ಕಾಲದಲ್ಲಿ ಇದು ಅಮಿದಾ ಎನಿಸಿಕೊಂಡಿತ್ತು. ಕ್ರಿಸ್ತಶಕ 359ರಲ್ಲಿ ಪರ್ಷಿಯದ ದೊರೆ ಎರಡನೆಯ ಶಾಪುರ್ ಮುತ್ತಿಗೆ ಹಾಕಿ ಇದನ್ನು ಗೆದ್ದುಕೊಂಡಿದ್ದ. ಕಪ್ಪು ಬಸಾಲ್ಟ್ ಕಲ್ಲಿನ, ಸುಮಾರು 6 ಕಿಲೋಮೀಟರ್ ಉದ್ದದ ಇಲ್ಲಿನ ಕೋಟೆ ಗೋಡೆ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮುಂದೆ ದಿಯಾರ್‌ಬೆಕಿರ್ ಎಂದಾಗಿದ್ದ ಊರಿನ ಹೆಸರನ್ನು 1937ರಲ್ಲಿ ಟರ್ಕಿಯ ಗಣರಾಜ್ಯ ದಿಯಾರ್‌ಬಕಿರ್ ಎಂದು ತಿದ್ದಿತು. ತುರ್ಕಿ ಭಾಷೆಯಲ್ಲಿ ಬಕಿರ್ ಎಂದರೆ ತಾಮ್ರ. ಆದರೆ ಕುರ್ದಿಷ್ ಜನರ ಬಾಯಲ್ಲಿ ಈ ಊರು ಅಮೆದ್ ಆಗಿಯೇ ಉಳಿಯಿತು. ಮಾತೃಭಾಷೆಯೇ ಕಾನೂನಿನ ಕಣ್ಣಿಗೆ ಅಪರಾಧವಾಗಿದ್ದ ದಿನಗಳನ್ನು ಆ ಜನ ಕಂಡಿದ್ದಾರೆ. 1983ರಿಂದ 1991ರವರೆಗೆ ಜಾರಿಯಲ್ಲಿದ್ದ ಕಾಯಿದೆಯೊಂದು ಕುರ್ದಿಷ್ ಭಾಷೆಯ ಬಳಕೆಯನ್ನು ನಿಷೇಧಿಸಿತ್ತು. ತುರ್ಕಿ ವರ್ಣಮಾಲೆಯಲ್ಲಿ ಇಲ್ಲದ, ಕುರ್ದಿಷ್ ಬರವಣಿಗೆಗೆ ಬೇಕಾದ ಮೂರು ಅಕ್ಷರಗಳ ಮೇಲಿನ ನಿರ್ಬಂಧ ಸಡಿಲಗೊಳ್ಳುವುದಕ್ಕೆ 2013ರವರೆಗೆ ಕಾಯಬೇಕಾಯಿತು. ಹೆಸರು ಇಷ್ಟು ಭಾರವಾಗಿದ್ದ ಊರಿನಲ್ಲಿ ಒಂದು ಆಟದ ತಂಡ ಆ ಹೆಸರನ್ನೇ ಎದೆಯ ಮೇಲೆ ಬರೆದುಕೊಂಡಿತೆಂದರೆ ಅದು ಸಣ್ಣ ಸಂಗತಿಯಲ್ಲ.

ಈ ಊರಿಗೆ ಫುಟ್‌ಬಾಲ್ ಹೊಸದೇನೂ ಆಗಿರಲಿಲ್ಲ. 1968ರಲ್ಲಿ ಹುಟ್ಟಿದ ದಿಯಾರ್‌ಬಕಿರ್‌ಸ್ಪೋರ್ ಎಂಬ ಹಿರಿಯ ತಂಡ ದೇಶದ ಅಗ್ರ ಲೀಗ್‌ನಲ್ಲಿ ಹಲವು ವರ್ಷ ಆಡಿತ್ತು. ಅದು ಕೊನೆಯ ಬಾರಿಗೆ ಅಲ್ಲಿ ಆಡಿದ 2009–10ರ ಋತುವಿನಲ್ಲಿ ಪರ ಊರಿನ ಮೈದಾನಗಳಲ್ಲಿ ಬೈಗುಳಗಳನ್ನು ಎದುರಿಸಿತು, ಗಲಭೆಗೆ ಸಿಕ್ಕಿ ಪಂದ್ಯಗಳು ನಿಂತುಹೋದವು, ತಂಡ ಕೆಳಗಿನ ಹಂತಕ್ಕೆ ಜಾರಿತು, ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಹೀಗೆ ತೆರವಾದ ಜಾಗಕ್ಕೆ ಬಂದದ್ದು ಮೆಲಿಕಹ್ಮೆತ್ ತುರಾನ್‌ಸ್ಪೋರ್ ಎಂಬ ಹೆಸರಿನಿಂದ ಆರಂಭವಾಗಿ, ಬಳಿಕ ಮಹಾನಗರ ಪಾಲಿಕೆಯ ತಂಡವಾಗಿ ಬೆಳೆದಿದ್ದ ಒಂದು ಚಿಕ್ಕ ಕ್ಲಬ್. 2014ರಲ್ಲಿ ಈ ಕ್ಲಬ್ ತನ್ನ ಹೆಸರನ್ನು ಅಮೆದ್ ಎಂದು ಬದಲಾಯಿಸಿಕೊಂಡಿತು. ಸರ್ಕಾರ ಮತ್ತು ಕುರ್ದಿಷ್ ಚಳವಳಿಯ ನಡುವೆ ಶಾಂತಿ ಮಾತುಕತೆ ನಡೆಯುತ್ತಿದ್ದ, ಜನ ಸ್ವಲ್ಪ ನಿರಾಳವಾಗಿ ಉಸಿರಾಡುತ್ತಿದ್ದ ಕಾಲವದು. ಹಾಗಿದ್ದರೂ ಟರ್ಕಿಯ ಫುಟ್‌ಬಾಲ್ ಒಕ್ಕೂಟ ಮೊದಲಿಗೆ ಹೊಸ ಹೆಸರನ್ನು ಒಪ್ಪಲಿಲ್ಲ, ದಂಡವನ್ನೂ ವಿಧಿಸಿತು. ಕ್ಲಬ್ ಪಟ್ಟು ಬಿಡಲಿಲ್ಲ. ಕೊನೆಗೆ ಅಮೆದ್ ಎಂಬುದು ಅಧಿಕೃತ ದಾಖಲೆಗೆ ಏರಿತು.

ಒಂದು ವರ್ಷ ಕಳೆಯುವುದರೊಳಗೆ ಎಲ್ಲವೂ ತಲೆಕೆಳಗಾಯಿತು. 2015ರ ಬೇಸಿಗೆಯಲ್ಲಿ ಶಾಂತಿ ಮಾತುಕತೆ ಮುರಿದುಬಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಕೋಟೆಯೊಳಗಿನ ಹಳೆಯ ಊರಾದ ಸೂರ್‌ನಲ್ಲಿ ಕರ್ಫ್ಯೂ ಜಾರಿಯಾಯಿತು. ಓಣಿಗಳಲ್ಲಿ ಸೇನೆಗೂ ಸಶಸ್ತ್ರ ಯುವಕರಿಗೂ ಕಾಳಗ ನಡೆಯಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಹೊರಟವು. ಊರು ಹೀಗೆ ಉರಿಯುತ್ತಿದ್ದ ತಿಂಗಳುಗಳಲ್ಲೇ, ಅದರ ಹೆಸರನ್ನು ಹೊತ್ತ ಮೂರನೆಯ ಹಂತದ ತಂಡ ಟರ್ಕಿಷ್ ಕಪ್ ಪಂದ್ಯಾವಳಿಯಲ್ಲಿ ಸುತ್ತಿನ ಮೇಲೆ ಸುತ್ತು ದಾಟುತ್ತಾ ಹೋಯಿತು. 2016ರ ಜನವರಿ 31ರಂದು ಅದು ಬುರ್ಸಾ ನಗರಕ್ಕೆ ಹೋಗಿ, 2010ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಬುರ್ಸಾಸ್ಪೋರ್ ತಂಡವನ್ನು ಅದರ ಮೈದಾನದಲ್ಲೇ 2–1 ಗೋಲುಗಳಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಎರಡು ಹಂತ ಮೇಲಿನ ತಂಡವನ್ನು ಪರ ಊರಿನಲ್ಲಿ ಮಣಿಸುವುದು ಯಾವ ದೇಶದಲ್ಲಾದರೂ ದೊಡ್ಡ ಸುದ್ದಿ. ಆ ದಿನಗಳಲ್ಲಿ, ಆ ಹೆಸರಿನ ತಂಡಕ್ಕೆ, ಅದು ಸುದ್ದಿಗಿಂತ ಮಿಗಿಲಾಗಿತ್ತು.

ಆ ಪಂದ್ಯದಲ್ಲಿ ಗೋಲು ಹೊಡೆದವರಲ್ಲಿ ಡೆನಿಜ್ ನಾಕಿ ಒಬ್ಬರು. ಅವರ ಬಗ್ಗೆ ತುಸು ನಿಂತು ಹೇಳಬೇಕು. ಜರ್ಮನಿಯ ಡ್ಯೂರೆನ್‌ನಲ್ಲಿ ಕುರ್ದಿಷ್ ಕುಟುಂಬದಲ್ಲಿ ಹುಟ್ಟಿದ ನಾಕಿ, 2008ರಲ್ಲಿ 19 ವರ್ಷದೊಳಗಿನವರ ಯುರೋಪಿಯನ್ ಪ್ರಶಸ್ತಿ ಗೆದ್ದ ಜರ್ಮನ್ ತಂಡದಲ್ಲಿದ್ದವರು. ಹ್ಯಾಂಬರ್ಗ್‌ನ ಸೇಂಟ್ ಪೌಲಿ ಕ್ಲಬ್ಬಿಗೆ ಆಡಿದವರು. ಟರ್ಕಿಗೆ ಬಂದು ಅಂಕಾರಾದ ಗೆಂಚ್‌ಲೆರ್‌ಬಿರ್ಲಿಯಿ ತಂಡದಲ್ಲಿದ್ದಾಗ, 2014ರ ನವೆಂಬರ್‌ನಲ್ಲಿ ಬೀದಿಯಲ್ಲಿ ಅವರ ಮೇಲೆ ಹಲ್ಲೆ ನಡೆಯಿತು. ಸಿರಿಯಾದಲ್ಲಿ ಐಸಿಸ್ ಉಗ್ರರ ಮುತ್ತಿಗೆಗೆ ಒಳಗಾಗಿದ್ದ ಕುರ್ದಿಷ್ ಪಟ್ಟಣ ಕೊಬಾನಿಯ ಪರವಾಗಿ ಅವರು ಮಾತಾಡಿದ್ದೇ ಆ ಹಲ್ಲೆಗೆ ಕಾರಣವಾಗಿತ್ತು. ಆ ತಂಡವನ್ನು ತೊರೆದ ಅವರು ದೊಡ್ಡ ಲೀಗ್‌ಗಳನ್ನು ಬಿಟ್ಟು ಮೂರನೆಯ ಹಂತದ ಅಮೆದ್‌ಸ್ಪೋರ್ ಸೇರಿದರು. ಬುರ್ಸಾದಲ್ಲಿ ಗೆದ್ದ ರಾತ್ರಿ, ತಮ್ಮ ನಾಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯಲ್ಲಿ ಸತ್ತವರಿಗೂ ಗಾಯಗೊಂಡವರಿಗೂ ಆ ಗೆಲುವನ್ನು ಅರ್ಪಿಸಿ ಸಾಮಾಜಿಕ ಜಾಲತಾಣದಲ್ಲಿ ನಾಲ್ಕು ಮಾತು ಬರೆದರು. ಒಕ್ಕೂಟ ಅದನ್ನು ಸೈದ್ಧಾಂತಿಕ ಪ್ರಚಾರ ಎಂದು ಪರಿಗಣಿಸಿ, 12 ಪಂದ್ಯಗಳ ನಿಷೇಧ ಹೇರಿತು. ಪೊಲೀಸರು ಕ್ಲಬ್ಬಿನ ಕಚೇರಿಗೆ ಬಂದು ಕಂಪ್ಯೂಟರ್‌ಗಳನ್ನು ಒಯ್ದರು. ಮುಂದೆ ನ್ಯಾಯಾಲಯದಲ್ಲಿ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ, 2018ರ ಜನವರಿಯಲ್ಲಿ ಜರ್ಮನಿಯ ಹೆದ್ದಾರಿಯಲ್ಲಿ ಅವರ ಕಾರಿನ ಮೇಲೆ ಗುಂಡಿನ ದಾಳಿ, ಅದೇ ತಿಂಗಳ ಕೊನೆಯಲ್ಲಿ ಟರ್ಕಿಯ ಫುಟ್‌ಬಾಲಿನಿಂದ ಶಾಶ್ವತವೆನ್ನಬಹುದಾದ ಬಹಿಷ್ಕಾರ. ಇಪ್ಪತ್ತೊಂಬತ್ತು ತುಂಬುವ ಮೊದಲೇ ಒಬ್ಬ ಒಳ್ಳೆಯ ಆಟಗಾರನ ಟರ್ಕಿಯ ಆಟದ ಬದುಕು ಮುಗಿದುಹೋದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಇಸ್ತಾಂಬುಲ್‌ನ ಫೆನರ್‌ಬಾಚೆ, ದೇಶದ ಅತಿ ಸಿರಿವಂತ ತಂಡಗಳಲ್ಲೊಂದು. ಅಂಥ ತಂಡ ದಿಯಾರ್‌ಬಕಿರ್‌ಗೆ ಆಡಲು ಬರುವುದನ್ನು ನೋಡಬೇಕೆಂದು ಊರಿಗೆ ಊರೇ ಕಾತರದಿಂದಿತ್ತು. ಆದರೆ ಶಿಸ್ತುಕ್ರಮದ ಫಲವಾಗಿ ಫೆಬ್ರವರಿ 9ರ ಆ ಪಂದ್ಯ ಪ್ರೇಕ್ಷಕರಿಲ್ಲದೆ ನಡೆಯಿತು. ಆಟ ಆರಂಭವಾದಾಗ ಅಮೆದ್‌ಸ್ಪೋರ್ ಆಟಗಾರರು ಚೆಂಡಿನ ಬಳಿ ಸುಳಿಯದೆ ಕೆಲ ಕ್ಷಣ ನಿಂತಲ್ಲೇ ನಿಂತು ತಮ್ಮ ಪ್ರತಿಭಟನೆಯನ್ನು ತೋರಿಸಿದರು. ಮಕ್ಕಳು ಸಾಯದಿರಲಿ, ಪಂದ್ಯ ನೋಡಲು ಬರಲಿ ಎಂಬುದು ಆ ದಿನಗಳಲ್ಲಿ ಈ ತಂಡದ ಅಭಿಮಾನಿಗಳ ಘೋಷಣೆಯಾಗಿತ್ತು. ಅದಕ್ಕಿಂತ ಸರಳವಾದ ಬೇಡಿಕೆ ಇನ್ನಾವುದಿದ್ದೀತು? ನಾಕಿ ಇಲ್ಲದ ತಂಡ ಖಾಲಿ ಆಸನಗಳ ನಡುವೆ ಆಡಿ 3–3ರ ಸಮಬಲ ಸಾಧಿಸಿತು. ಇಸ್ತಾಂಬುಲ್‌ನಲ್ಲಿ ನಡೆದ ಮರುಪಂದ್ಯವನ್ನು ಫೆನರ್‌ಬಾಚೆ 3–1ರಿಂದ ಗೆದ್ದು ಮುಂದೆ ಹೋಯಿತು. ಆಟದ ಮಟ್ಟಿಗೆ ಅಲ್ಲಿಗೆ ಪಯಣ ಮುಗಿದರೂ, ಅಮೆದ್ ಎಂಬ ಪದ ಆ ಕೆಲವು ವಾರಗಳಲ್ಲಿ ದೇಶದ ಮನೆಮನೆಯನ್ನು ಮುಟ್ಟಿತ್ತು.

ಆ ಬಳಿಕದ ವರ್ಷಗಳು ಬಿಗಿಯಾಗಿದ್ದವು. 2016ರ ಕೊನೆಯಲ್ಲಿ ನಗರದ ಚುನಾಯಿತ ಮೇಯರ್‌ಗಳನ್ನು ಬಂಧಿಸಿ ಸರ್ಕಾರ ತನ್ನ ಆಡಳಿತಾಧಿಕಾರಿಯನ್ನು ಕೂರಿಸಿತು. ಪರ ಊರಿನ ಪಂದ್ಯಗಳಿಗೆ ಅಮೆದ್‌ಸ್ಪೋರ್ ಅಭಿಮಾನಿಗಳು ಬರುವಂತಿಲ್ಲ ಎಂಬ ಆದೇಶಗಳು ಭದ್ರತೆಯ ಹೆಸರಿನಲ್ಲಿ ಮತ್ತೆ ಮತ್ತೆ ಹೊರಬಿದ್ದವು. ತಂಡದ ಕಡೆಯಿಂದಲೂ ತಪ್ಪು ನಡೆಯಲಿಲ್ಲವೆಂದಲ್ಲ: 2019ರಲ್ಲಿ ಸಕಾರ್ಯಸ್ಪೋರ್ ವಿರುದ್ಧದ ಪಂದ್ಯದಲ್ಲಿ ಎದುರಾಳಿಗಳನ್ನು ಹರಿತವಾದ ವಸ್ತುವಿನಿಂದ ಗೀರಿದ ಆರೋಪದ ಮೇಲೆ ಆಟಗಾರನೊಬ್ಬ ಕಠಿಣ ಶಿಕ್ಷೆಗೆ ಒಳಗಾದದ್ದು ಕ್ಲಬ್ಬಿನ ಹಿತೈಷಿಗಳಿಗೂ ನೋವಿನ ಸಂಗತಿಯೇ. 2023ರ ಮಾರ್ಚ್ 5ರಂದು, ದಿಯಾರ್‌ಬಕಿರ್ ಸೇರಿದಂತೆ ಇಡೀ ಪ್ರದೇಶವನ್ನು ನಡುಗಿಸಿದ ಭೂಕಂಪವಾಗಿ ಒಂದು ತಿಂಗಳೂ ತುಂಬದಿದ್ದಾಗ, ತಂಡ ಮತ್ತೆ ಬುರ್ಸಾಗೆ ಹೋಯಿತು. ಅಷ್ಟರಲ್ಲಿ ಬುರ್ಸಾಸ್ಪೋರ್ ಕೂಡ ಮೂರನೆಯ ಹಂತಕ್ಕೆ ಇಳಿದಿತ್ತು. ಆಟಗಾರರ ಮೇಲೆ ಬಾಟಲಿ, ಪಟಾಕಿಗಳ ಸುರಿಮಳೆಯಾಯಿತು. ಗ್ಯಾಲರಿಯಲ್ಲಿ ಬಿಳಿ ರೆನೊ ಕಾರಿನ ಚಿತ್ರ ಮೇಲೆದ್ದಿತು. 1990ರ ದಶಕದಲ್ಲಿ ಕುರ್ದಿಷ್ ಜನರನ್ನು ಎತ್ತಿಕೊಂಡು ಹೋಗಿ ಕಾಣೆಯಾಗಿಸಿದವರ ವಾಹನವೆಂದು ಆ ಬಿಳಿ ಕಾರು ಅಲ್ಲಿನವರ ನೆನಪಿನಲ್ಲಿ ಕೂತಿದೆ. ತಂದೆಯನ್ನೋ ಅಣ್ಣನನ್ನೋ ಹಾಗೆ ಕಳೆದುಕೊಂಡವರಿಗೆ ಆ ಚಿತ್ರವನ್ನು ಕಂಡಾಗ ಏನಾಗಿರಬೇಡ?

ಸೋಲಿಗೂ ಅವಮಾನಕ್ಕೂ ಜಗ್ಗದೆ ತಂಡ ಮರು ಋತುವಿನಲ್ಲೇ ತನ್ನ ಗುರಿ ಮುಟ್ಟಿತು. 2023–24ರಲ್ಲಿ ಅಮೆದ್‌ಸ್ಪೋರ್ ತನ್ನ ಗುಂಪಿನ ಚಾಂಪಿಯನ್ ಆಗಿ, ಅಗ್ರ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಲೀಗ್‌ಗೆ ಬಡ್ತಿ ಪಡೆಯಿತು. 33,000 ಜನ ಕೂರಬಹುದಾದ, 2018ರಲ್ಲಿ ಆರಂಭವಾದ ದಿಯಾರ್‌ಬಕಿರ್ ಕ್ರೀಡಾಂಗಣ ಈ ತಂಡದ ತವರು ಮೈದಾನ. ಕ್ಲಬ್ಬಿನ ಮಹಿಳಾ ತಂಡವೂ ದೇಶದ ಮಹಿಳೆಯರ ಅಗ್ರ ಲೀಗ್‌ನಲ್ಲಿ ಆಡಿ ಹೆಸರು ಮಾಡಿದೆ. ಮೇಲೇರಿದ ಮೊದಲ ವರ್ಷವೇ ಮತ್ತೆ ಜಾರಿಬೀಳುವ ತಂಡಗಳು ಎಷ್ಟೋ ಇವೆ. ಅಮೆದ್‌ಸ್ಪೋರ್ ಹಾಗೆ ಜಾರಲಿಲ್ಲ.

ಟರ್ಕಿಯ ಭೂಪಟದಲ್ಲಿ ಆ ನಗರದ ಜಾಗದಲ್ಲಿ ಇಂದಿಗೂ ದಿಯಾರ್‌ಬಕಿರ್ ಎಂದೇ ಅಚ್ಚಾಗಿದೆ. ಪಂದ್ಯಗಳ ಋತು ಬಂದಾಗ ಮಾತ್ರ, ಒಂದು ಕಾಲದಲ್ಲಿ ಈ ಹೆಸರನ್ನು ಒಪ್ಪದಿದ್ದ ಒಕ್ಕೂಟವೇ ಪ್ರಕಟಿಸುವ ಅಂಕಪಟ್ಟಿಯಲ್ಲಿ, ವಾರವಾರವೂ ಅಮೆದ್ ಎಂದು ಬರೆದಿರುತ್ತದೆ.

ನಮಸ್ಕಾರ.