ಕಾಲಿನ ನರದ ಸುದ್ದಿ ಕಣ್ಣಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಡೇರಿಗೆ ಹಾಲು ಹಾಕಿ ಬಂದಿರುತ್ತೀರಿ, ಕೆಲವರು ಒಲೆಯ ಮುಂದೆ ಇರುತ್ತೀರಿ. ಎಷ್ಟೋ ಮನೆಗಳಲ್ಲಿ ರೇಡಿಯೊ ಪಕ್ಕದಲ್ಲೇ ಶುಗರ್ ಮಾತ್ರೆಯ ಡಬ್ಬಿಯೂ ಇರುತ್ತದೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೇಳಿತು. ಆ ಡಬ್ಬಿ ಇರುವ ಮನೆಯವರ ಜೊತೆ ನಾನು ಇವತ್ತು ಒಂದೇ ಒಂದು ಮಾತು ಆಡಬೇಕು. ಕಾಲಿನ ನರ ಕೆಡುತ್ತಿದೆಯೇ ಅನ್ನುವುದನ್ನು ಕಣ್ಣಿನಲ್ಲಿ ನೋಡಬಹುದು. ಕಾಲಿಗೆ ಗೊತ್ತಾಗುವ ಮೊದಲೇ ನೋಡಬಹುದು.

ಮದ್ದೂರಿನ ಕಡೆಯ ಒಬ್ಬ ರೈತರು ಪೊರೆ ತೋರಿಸಲು ನನ್ನ ಹತ್ತಿರ ಬಂದಿದ್ದರು. ಅರವತ್ತು ದಾಟಿದ ವಯಸ್ಸು, ಶುಗರ್ ಬಂದು 14 ವರ್ಷ. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆವರೆಗೆ ನಡೆದೇ ಬಂದಿದ್ದರು. ಒಳಗೆ ಬಂದು ಕುರ್ಚಿ ಎಳೆದುಕೊಳ್ಳುವಾಗ ಜೊತೆಯಲ್ಲಿದ್ದ ಸೊಸೆ, "ಮಾವಾ, ನಿಮ್ ಎಡಗಾಲ್ ಚಪ್ಲಿ ಎಲ್ಲಿ?" ಅಂದಳು. ಅವರು ಬಗ್ಗಿ ನೋಡಿಕೊಂಡರು. ಬಲಗಾಲಲ್ಲಿ ಹವಾಯಿ ಚಪ್ಪಲಿ ಇದೆ, ಎಡಗಾಲು ಬರಿಗಾಲು. "ಎಲ್ ಕಳಚ್ಕಂತೋ ಗೊತ್ತೇ ಆಗ್ನಿಲ್ಲ ಕಣವ್ವ" ಅಂದರು.

ನಾನು ಕಣ್ಣಿನ ಡಾಕ್ಟರು. ಆದರೂ ಟಾರ್ಚ್ ಹಿಡಿದು ಅವರ ಅಂಗಾಲು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಜಾಲಿ ಮುಳ್ಳೊಂದು ಮುರಿದು ಕೂತಿತ್ತು. ಸುತ್ತ ಕೆಂಪಾಗಿ ಊದಿಕೊಂಡು, ಒಳಗೆ ಕೀವು ಕಟ್ಟಿತ್ತು. "ಯಜಮಾನ್ರೇ, ಇದು ಯಾವಾಗ ಚುಚ್ಚಿದ್ದು?" ಅಂತ ಕೇಳಿದರೆ ಅವರು ನನ್ನ ಮುಖವನ್ನೇ ನೋಡಿದರು. ಹೊಲದಲ್ಲಿ ಅಂಗಾಲಿಗೆ ನೆಗ್ಗಿಲು ತಾಗಿದರೆ ಜಿಗಿಯುವ ಮನುಷ್ಯರು ನಾವು. ಅವರಿಗೆ ಮುಳ್ಳು ಮುರಿದುಕೊಂಡು ಒಳಗೆ ಉಳಿದದ್ದೂ ತಿಳಿದಿರಲಿಲ್ಲ. ಮುಟ್ಟಿದ್ದು ತಿಳಿಯುತ್ತದೆಯೇ ಎಂದು ನೈಲಾನ್ ಎಳೆ ಒತ್ತಿ ನೋಡಿದೆ, ಅದುರುವುದು ತಿಳಿಯುತ್ತದೆಯೇ ಎಂದು ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್, ಇಟ್ಟು ನೋಡಿದೆ. ಎಡ ಪಾದ, ಬಲ ಪಾದ, ಎರಡೂ ಮರಗಟ್ಟಿದ್ದವು. ಪೊರೆಯ ಮಾತು ಅಲ್ಲಿಗೇ ಬಿಟ್ಟು ಅವರನ್ನು ಮೊದಲು ಸರ್ಜನ್ ಹತ್ತಿರ ಕಳಿಸಿದೆ. ಪಾದ ಉಳಿಯಿತು, ಒಂದು ಬೆರಳು ಹೋಯಿತು.

"ಡಾಕ್ಟ್ರೇ, ಕಾಲು ನೋಯ್ತಾ ಇಲ್ಲ, ಚೆನ್ನಾಗೇ ಇದೆ" ಅಂತ ಎಷ್ಟು ಜನ ಹೇಳುತ್ತಾರೆ! ದಯವಿಟ್ಟು ಈ ಮಾತು ಹೇಳಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲ ಅನ್ನುವುದೇ ಕೆಲವು ಸಲ ಕೆಟ್ಟ ಸುದ್ದಿ. ನೋವು, ಬಿಸಿ, ತಂಪು ಇವನ್ನು ತಿಳಿಸುವುದು ಕೂದಲಿಗಿಂತ ಎಷ್ಟೋ ಸಣ್ಣ ನರದ ಎಳೆಗಳು. ಮೊದಲು ಒಣಗುವುದೂ ಅವೇ. ತಂತಿ ಅಂಟಿಸಿ ಕರೆಂಟು ಕೊಟ್ಟು ಮಾಡುವ ನರದ ಪರೀಕ್ಷೆಗೆ ಸಿಗುವುದು ದಪ್ಪ ನರ ಮಾತ್ರ. ಸಣ್ಣ ಎಳೆ ನೋಡಬೇಕೆಂದರೆ ಕಾಲಿನ ಚರ್ಮದಿಂದ 3 ಮಿಲಿಮೀಟರಿನ ಚೂರು ಕೊರೆದು ತೆಗೆಯಬೇಕಾಗಿತ್ತು. ಶುಗರ್ ಇರುವವರ ಕಾಲಿನಲ್ಲಿ ಗಾಯ ಮಾಡುವುದೆಂದರೆ ಯಾವ ಡಾಕ್ಟರಿಗೂ ಅಳುಕು.

ಹಾಗಾದರೆ ಕಣ್ಣಿಗೂ ಇದಕ್ಕೂ ಏನು ಸಂಬಂಧ? ಕಾರ್ನಿಯಾ ಅನ್ನುವ ಮಾತು ನೀವು ಕೇಳಿದ್ದೀರಿ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ನೇತ್ರದಾನ ಆಯಿತಲ್ಲ, ಇನ್ನೊಬ್ಬರಿಗೆ ಕಸಿ ಮಾಡುವುದು ಇದನ್ನೇ. ಕರಿಗುಡ್ಡೆಯ ಮುಂದೆ ಇರುವ, ಗಾಜಿನಂಥ, ಅರ್ಧ ಮಿಲಿಮೀಟರ್ ದಪ್ಪದ ಪರದೆ. ಅದರಲ್ಲಿ ರಕ್ತನಾಳ ಇಲ್ಲ, ನರಗಳು ಮಾತ್ರ ಒತ್ತೊತ್ತಾಗಿ ತುಂಬಿವೆ, ಚರ್ಮಕ್ಕಿಂತ 300 ಪಟ್ಟು ಹೆಚ್ಚು. ಕಣ್ಣಿಗೆ ಒಂದು ಕಣ ಧೂಳು ಬಿದ್ದರೂ ನಾವು ಒದ್ದಾಡುವುದು ಅದಕ್ಕೇ. ದೇಹದಲ್ಲಿ ಸಣ್ಣ ನರಗಳನ್ನು ಎಲ್ಲೂ ಕತ್ತರಿಸದೆ, ಜೀವಂತವಾಗಿ ನೋಡಲು ಇರುವ ಕಿಟಕಿ ಇದು. ಕಾಲಿನ ಎಳೆ ಒಣಗುವ ಹಾಗೆಯೇ ಇಲ್ಲಿನ ಎಳೆಯೂ ಒಣಗುತ್ತದೆ ಎಂದು 2003ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರೊಫೆಸರ್ ರಯಾಜ್ ಮಲಿಕ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು.

ಕಾರ್ನಿಯಾದ ಈ ನರಗಳನ್ನು ತೋರಿಸುವ ಯಂತ್ರದ ಹೆಸರು ಕಾನ್‌ಫೋಕಲ್ ಮೈಕ್ರೋಸ್ಕೋಪ್. ಕಣ್ಣು ಮರಗಟ್ಟಲು ಒಂದೆರಡು ಹನಿ ಔಷಧ ಹಾಕುತ್ತೇವೆ, ಗಲ್ಲ ಊರಿ ಕೂತರೆ ಜೆಲ್ ಹಚ್ಚಿದ ಪುಟ್ಟ ಮುಚ್ಚಳವೊಂದು ಕಣ್ಣಿಗೆ ತಾಗುತ್ತದೆ. ಕೆಲವೇ ನಿಮಿಷದ ಕೆಲಸ. ಒಂದೊಂದು ಚಿತ್ರದಲ್ಲಿ ಕಾಣುವುದು ಸಾಸಿವೆ ಕಾಳಿನ ಕಾಲುಭಾಗದಷ್ಟು ಜಾಗ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ, ಒಂದರ ಪಕ್ಕ ಒಂದು ನರ, ಕೂರಿಗೆ ಹಿಡಿದು ಬಿತ್ತಿದ ರಾಗಿ ಸಾಲಿನ ಹಾಗೆ! ನನಗೆ ಇಷ್ಟು ವರ್ಷವಾದರೂ ಆ ಚಿತ್ರ ನೋಡಿ ಬೇಸರ ಬಂದಿಲ್ಲ.

ಆ ರೈತರ ಮಗನಿಗೆ 36 ವರ್ಷ. ಶುಗರ್ ಬಂದು ನಾಲ್ಕೇ ವರ್ಷ. "ನಂಗೇನಿಲ್ಲ ಮೇಡಂ, ಸ್ವಲ್ಪ ಬಾರ್ಡರಲ್ಲಿದೆ" ಅಂದ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ HbA1c ಪರೀಕ್ಷೆ ನೋಡಿದರೆ 9.6. ಅದು ಬಾರ್ಡರಲ್ಲ. ಪಾದದ ಪರೀಕ್ಷೆ ಮಾಡಿದೆವು, ಎಲ್ಲ ಸರಿಯಿತ್ತು. ನೈಲಾನ್ ಎಳೆ ಎಲ್ಲಿ ಒತ್ತಿದರೂ ಹೇಳುತ್ತಿದ್ದ. ಆಮೇಲೆ ಕಣ್ಣಿನ ಚಿತ್ರ ತೆಗೆದೆವು. ಸಾಲುಗಳ ನಡುವೆ ಅಲ್ಲಲ್ಲಿ ಪೈರೇ ಇರಲಿಲ್ಲ. ಉಳಿದ ಎಳೆಗಳೂ ಬಡಕಲು. ಅಪ್ಪನೂ ಪಕ್ಕದಲ್ಲಿ ನಿಂತು ಪರದೆ ನೋಡಿದರು. "ನಾಟಿ ತೆಳ್ಳಗಾಗೈತೆ ಕಣ್ಲಾ" ಅಂದರು ಮಗನಿಗೆ. ನಾನು ಅರ್ಧ ಗಂಟೆ ಹೇಳಬೇಕಾದದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದರು. ಮಗನ ಪಾದ ಇನ್ನೂ ಏನೂ ಹೇಳಿರಲಿಲ್ಲ. ಕಣ್ಣು ಹೇಳಿತ್ತು.

ಸಮಯ ಆಗುತ್ತಾ ಬಂತು, ಬೇಗ ಬೇಗ ಹೇಳುತ್ತೇನೆ. ಸಣ್ಣ ಎಳೆಗೆ ಮತ್ತೆ ಚಿಗುರುವ ಶಕ್ತಿ ಇದೆ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕಸಿ ಮಾಡಿಸಿಕೊಂಡು ಸಕ್ಕರೆ ಹತೋಟಿಗೆ ಬಂದವರಲ್ಲಿ ಆರೇ ತಿಂಗಳಿಗೆ ಕಾರ್ನಿಯಾದ ನರ ಚಿಗುರಿದ್ದನ್ನು ಇದೇ ಯಂತ್ರದಲ್ಲಿ ಕಂಡಿದ್ದಾರೆ. ನಮ್ಮ ಹುಡುಗ ಕಸಿ ಮಾಡಿಸಿಕೊಳ್ಳಲಿಲ್ಲ, ಮಾತ್ರೆ ತಪ್ಪಿಸುವುದನ್ನು ಬಿಟ್ಟ, ರಾತ್ರಿ ಊಟದ ಅನ್ನ ಕಡಿಮೆ ಮಾಡಿದ. ಎರಡು ವರ್ಷದ ಮೇಲೆ ತೆಗೆದ ಚಿತ್ರದಲ್ಲಿ ಒಂದೆರಡು ಹೊಸ ಎಳೆ ಇದ್ದವು.

ಈ ಯಂತ್ರ ತಾಲ್ಲೂಕು ಆಸ್ಪತ್ರೆಗೆ ಇನ್ನೂ ಬಂದಿಲ್ಲ, ಬೆಂಗಳೂರಿನಂಥ ಊರಿನ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಕೇಳಿ. ಅಲ್ಲಿಯವರೆಗೆ, ಶುಗರ್ ತೋರಿಸಲು ಹೋದಾಗಲೆಲ್ಲ ಚಪ್ಪಲಿ ಬಿಚ್ಚಿ ಪಾದ ಮುಂದೆ ಚಾಚಿ ಕೂತುಕೊಳ್ಳಿ, ಡಾಕ್ಟರು ಕೇಳಲಿ ಅಂತ ಕಾಯಬೇಡಿ. ವರ್ಷಕ್ಕೊಮ್ಮೆ ಮಾಡಿಸುವ ರೆಟಿನಾ ಪರೀಕ್ಷೆ ಬೇರೆ, ಅದು ಕಣ್ಣಿನ ಹಿಂಭಾಗದ್ದು, ಅದನ್ನೂ ಬಿಡಬೇಡಿ. ಅದಕ್ಕೆ ಹಾಕುವ ಹನಿಯಿಂದ ಕೆಲವು ಗಂಟೆ ಮಬ್ಬಾಗಿ ಕಾಣುತ್ತದೆ. ಆ ದಿನ ಬೈಕ್ ತರಬೇಡಿ, ಮನೆಯಿಂದ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ. ನಮಸ್ಕಾರ.