ಪಿಕ್ ಅಪ್ ಅಂದರೆ ಏನನ್ನು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ‘ಪಿಕಪ್’ ಅನ್ನೋ ಮಾತು ಕಿವಿಗೆ ಬೀಳದ ದಿನವೇ ಇಲ್ಲ. ಕ್ಯಾಬ್ ಡ್ರೈವರ್ ಫೋನ್ ಮಾಡಿ ‘ಪಿಕಪ್ ಎಲ್ಲಿ ಸಾರ್?’ ಅಂತ ಕೇಳುತ್ತಾರೆ. ಹೊಸ ಕೆಲಸ ಸಿಕ್ಕವರು ‘ಪಿಕಪ್ಪು, ಡ್ರಾಪು ಎರಡೂ ಇದೆ’ ಅಂತ ಖುಷಿಯಿಂದ ಹೇಳುತ್ತಾರೆ. ಗ್ಯಾರೇಜಿನ ಮೆಕ್ಯಾನಿಕ್ ಬೈಕನ್ನು ಒಂದು ರೌಂಡ್ ಓಡಿಸಿ ಬಂದು, ಕೈ ಒರೆಸಿಕೊಳ್ಳುತ್ತಾ, ‘ಗಾಡಿಗೆ ಪಿಕಪ್ಪೇ ಇಲ್ಲವಲ್ಲ’ ಅನ್ನುತ್ತಾರೆ. ಡ್ರೈವರ್ ಕೇಳಿದ್ದು ನಿಮ್ಮನ್ನು ಹತ್ತಿಸಿಕೊಳ್ಳುವ ಜಾಗ. ಮೆಕ್ಯಾನಿಕ್ ಹೇಳಿದ್ದು ಆಕ್ಸಿಲರೇಟರ್ ಕೊಟ್ಟ ಕೂಡಲೇ ಗಾಡಿ ಮುಂದಕ್ಕೆ ನುಗ್ಗುವ ಕಸುವು. ಇಷ್ಟನ್ನು ನಾವ್ಯಾರೂ ನಿಘಂಟು ನೋಡಿ ತಿಳಿದುಕೊಂಡಿಲ್ಲ, ಅಲ್ವಾ?

ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಹಾಸನ, ತುಮಕೂರು, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಬರುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಪಿಕ್ ಅಪ್ ಅಂದರೆ ಲಿಫ್ಟ್, ಕಲೆಕ್ಟ್, ಲರ್ನ್, ಇಂಪ್ರೂವ್, ರೆಸ್ಯೂಮ್, ಅರೆಸ್ಟ್. ಒಂದೂ ತಪ್ಪಲ್ಲ. ಆದರೆ ಬಾಯಿಪಾಠ ಮಾಡಿದ ಪಟ್ಟಿ ಮಾತಿನ ಮಧ್ಯೆ ಕೈಗೆ ಸಿಗುವುದಿಲ್ಲ. ಒಬ್ಬ ಹುಡುಗಿಗೆ ಶುಕ್ರವಾರ ಸಂಜೆ ಮೇಲಿನವರು ‘ಲೆಟ್ಸ್ ಪಿಕ್ ದಿಸ್ ಅಪ್ ಆನ್ ಮಂಡೇ’ ಅಂದರಂತೆ. ಮೇಜಿನ ಮೇಲೆ ಫೈಲು ಇತ್ತು. ಸೋಮವಾರ ಯಾರೋ ಬಂದು ಒಯ್ಯುತ್ತಾರೆ ಅಂದುಕೊಂಡು ಅದನ್ನು ಕವರಿಗೆ ಹಾಕಿ, ಹೆಸರು ಬರೆದು, ರಿಸೆಪ್ಷನ್ನಿನಲ್ಲಿ ಕೊಟ್ಟು ಬಂದಳು. ಅವರು ಹೇಳಿದ್ದು, ಈ ಮಾತುಕತೆಯನ್ನು ಸೋಮವಾರ ಮುಂದುವರಿಸೋಣ ಅಂತ.

ಹಾಗಾಗಿ ನಾನು ಹೇಳಿಕೊಡುವುದು ಒಂದೇ ದಾರಿ. ಪಿಕ್ ಅಪ್ ಕೇಳಿದ ಕೂಡಲೇ ಅರ್ಥ ಹುಡುಕಬೇಡಿ. ಪಿಕ್ ಅಪ್ ಮಾಡುತ್ತಿರುವುದು ಏನನ್ನು ಅಂತ ನೋಡಿ. ಅರ್ಥ ಅಲ್ಲೇ ಕೂತಿರುತ್ತದೆ.

ಇಂಥ ಕ್ರಿಯಾಪದಗಳು ಕಷ್ಟ ಅನ್ನಿಸಿದರೆ ನಾಚಿಕೊಳ್ಳಬೇಕಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಇದನ್ನು ಬರೆದಿದ್ದಾರೆ. ಕ್ರಿಯಾಪದಕ್ಕೆ ಒಂದು ಚಿಕ್ಕ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುತ್ತದೆ ಅಂತ. ಇಂಥ ಕ್ರಿಯಾಪದಗಳಿಗೆ ಫ್ರೇಸಲ್ ವರ್ಬ್ ಅನ್ನೋ ಹೆಸರು ಬಳಕೆಗೆ ಬಂದದ್ದು ತೀರಾ ಈಚೆಗೆ, 1925ರ ಸುಮಾರಿಗೆ.

ಆದರೆ ಕನ್ನಡದವರಿಗೆ ಇದು ಅಷ್ಟೇನೂ ಹೊಸದಲ್ಲ. ನಮ್ಮ ‘ಎತ್ತು’ ನೋಡಿ. ಮಗುವನ್ನು ಎತ್ತಿಕೋ ಅಂದರೆ ಸೊಂಟಕ್ಕೆ. ಫೋನ್ ಎತ್ತು ಅಂದರೆ ಮಾತಾಡು. ಅವನನ್ನು ಪೊಲೀಸರು ಎತ್ತಾಕ್ಕೊಂಡು ಹೋದರು ಅಂದರೆ ಯಾರೂ ಅವನ ತೂಕ ಕೇಳುವುದಿಲ್ಲ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಪಿಕ್ ಅಪ್ ನಡೆಯುತ್ತದೆ. ‘ಆ ವಿಷಯ ಎತ್ತಬೇಡ’ ಅನ್ನುವಲ್ಲಿ ಮಾತ್ರ ದಾರಿ ಬೇರೆ. ಅಲ್ಲಿ ಬ್ರಿಂಗ್ ಅಪ್ ಬೇಕು.

ಇನ್ನೊಂದು ಕಡೆ ಕನ್ನಡ ಹೆಚ್ಚು ನಾಜೂಕು. ತಂಗಿಯನ್ನು ಮೆಜೆಸ್ಟಿಕ್‌ನಿಂದ ಕರ್ಕೊಂಡು ಬರುತ್ತೇವೆ. ಹೊಲಿಯಲು ಕೊಟ್ಟ ಬ್ಲೌಸನ್ನು ಟೈಲರ್ ಹತ್ತಿರ ಇಸ್ಕೊಂಡು ಬರುತ್ತೇವೆ. ದಾರಿಯಲ್ಲಿ ಹಾಲು ತಗೊಂಡು ಬರುತ್ತೇವೆ. ಇಂಗ್ಲಿಷಿಗೆ ಮೂರೂ ಪಿಕ್ ಅಪ್ಪೇ. ಒಂದು ಎಚ್ಚರಿಕೆ ಮಾತ್ರ ಇರಲಿ. ಪರಿಚಯವಿಲ್ಲದ ಹುಡುಗಿಯನ್ನೋ ಹುಡುಗನನ್ನೋ ಪಿಕ್ ಅಪ್ ಮಾಡಿದೆ ಅಂದರೆ ಅದು ಸಲಿಗೆ ಬೆಳೆಸಿದ ಮಾತಾಗಿಬಿಡುತ್ತದೆ. ನನ್ನ ತಂಗಿಯನ್ನು, ನನ್ನ ಸಹೋದ್ಯೋಗಿಯನ್ನು ಅಂತ ಯಾರೆಂದು ಸೇರಿಸಿ ಹೇಳಿದರೆ ಗೊಂದಲವಿಲ್ಲ.

ನನಗೆ ತುಂಬಾ ಇಷ್ಟವಾದ ಅರ್ಥ ಇನ್ನೊಂದಿದೆ. ಭಾಷೆಯನ್ನು ಪಿಕ್ ಅಪ್ ಮಾಡುವುದು. ಇದಕ್ಕೆ ಲರ್ನ್ ಅಂತ ಸಮಾನ ಪದ ಕೊಡುತ್ತಾರೆ, ಆದರೆ ಎರಡೂ ಒಂದೇ ಅಲ್ಲ. ಲರ್ನ್ ಅಂದಾಗ ಮೇಷ್ಟ್ರು, ಪುಸ್ತಕ, ಕೂತು ಕಲಿತದ್ದು ನೆನಪಿಗೆ ಬರುತ್ತದೆ. ಪಿಕ್ ಅಪ್ ಅಂದರೆ ಕೇಳಿ ಕೇಳಿ ಬಂದದ್ದು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುವ ಅಮ್ಮ ಒಬ್ಬ ಗಿರಾಕಿಗೆ ತಮಿಳಿನಲ್ಲಿ ಮೊಳದ ರೇಟು ಹೇಳಿ, ಪಕ್ಕದವರಿಗೆ ತೆಲುಗಿನಲ್ಲಿ ಚಿಲ್ಲರೆ ಕೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ‘ಎಷ್ಟು ಮೊಳ ಕಣವ್ವಾ?’ ಅನ್ನುತ್ತಾರೆ. ಅವರಿಗೆ ಯಾರೂ ಪಾಠ ಮಾಡಿಲ್ಲ. ಹೊರಗಿನಿಂದ ಬಂದವರು ‘ಐ ಪಿಕ್ಡ್ ಅಪ್ ಕನ್ನಡ ಇನ್ ದಿ ಬಸ್’ ಅಂದರೆ ನನಗೆ ಖುಷಿಯಾಗುತ್ತದೆ. ಅಲ್ಲಿ ಲರ್ನ್ಡ್ ಅಂದಿದ್ದರೆ ಬಸ್ಸಿನ ಗದ್ದಲ, ಕಂಡಕ್ಟರ್ ಕೂಗು ಒಂದೂ ಕೇಳುತ್ತಿರಲಿಲ್ಲ.

ರೋಗಕ್ಕೂ ಇದೇ ಪದ. ಇಂಗ್ಲಿಷಿನಲ್ಲಿ ಮನುಷ್ಯ ನೆಗಡಿಯನ್ನು ಪಿಕ್ ಅಪ್ ಮಾಡುತ್ತಾನೆ. ಕನ್ನಡದಲ್ಲಿ ನೆಗಡಿಯೇ ಅವನನ್ನು ಹಿಡಿದುಕೊಳ್ಳುತ್ತದೆ. ನೀವು ಈಗ ಕೇಳುತ್ತಿರುವ ರೇಡಿಯೋ ಕೂಡ ಅಲೆಗಳನ್ನು ಪಿಕ್ ಅಪ್ ಮಾಡುತ್ತದೆ. ಇಲ್ಲಿ ಅದು ರಿಸೀವ್, ಅಂದರೆ ಸಿಗ್ನಲ್ ಹಿಡಿಯುವುದು. ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿಯಲು ಟ್ರಾನ್ಸಿಸ್ಟರನ್ನು ಆ ಕಡೆ ಈ ಕಡೆ ತಿರುಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವೊಮ್ಮೆ ‘ಏನನ್ನು’ ಅನ್ನುವುದಕ್ಕೆ ಉತ್ತರವೇ ಇರುವುದಿಲ್ಲ. ವ್ಯಾಪಾರ ಪಿಕ್ ಅಪ್ ಆಯಿತು, ಗಾಳಿ ಪಿಕ್ ಅಪ್ ಆಯಿತು. ಆಗ ತಾನಾಗಿಯೇ ಮೇಲಕ್ಕೆ ಬಂತು ಅಂತ. ವ್ಯಾಪಾರ ಚೇತರಿಸಿಕೊಂಡಿತು, ಗಾಳಿ ಜೋರಾಯಿತು.

ಸಮಾನ ಪದ ಆರಿಸುವಾಗ ಎದುರಿಗೆ ಯಾರಿದ್ದಾರೆ ನೋಡಿ. ಬ್ಯಾಂಕಿಗೆ ಪತ್ರ ಬರೆಯುವಾಗ ಚೆಕ್ ಬುಕ್ ‘ಕಲೆಕ್ಟ್’ ಮಾಡುತ್ತೇನೆ ಅನ್ನಿ. ಗೆಳತಿಗೆ ಮೆಸೇಜ್ ಮಾಡುವಾಗ ‘ಪಿಕ್ ಅಪ್’ ಸಾಕು. ಇಟ್, ಹಿಮ್, ಹರ್ ಬಂದರೆ ಅದನ್ನು ನಡುವೆ ಕೂರಿಸಬೇಕು. ‘ಪಿಕ್ ಇಟ್ ಅಪ್’ ಸರಿ, ‘ಪಿಕ್ ಅಪ್ ಇಟ್’ ತಪ್ಪು. ಇನ್ನು ಡ್ರಾಪ್ ವಿಷಯ. ‘ನಿಮ್ಮನ್ನು ಡ್ರಾಪ್ ಮಾಡ್ತೀನಿ’ ಅನ್ನೋದು ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹಾಗೇ ಹೇಳಿ. ಇಂಗ್ಲೆಂಡ್, ಅಮೆರಿಕದವರ ಜೊತೆ ಮಾತಾಡುವಾಗ ಮಾತ್ರ ಅದಕ್ಕೊಂದು ‘ಆಫ್’ ಸೇರಿಸಿ. ‘ಐ ವಿಲ್ ಡ್ರಾಪ್ ಯು ಆಫ್.’ ಆ ಆಫ್ ಬಿಟ್ಟರೆ ಕೈಯಿಂದ ಕೆಳಗೆ ಬೀಳಿಸುತ್ತೇನೆ ಅನ್ನುವಂತೆಯೂ ಕೇಳಿಸಬಹುದು.

ನಮಸ್ಕಾರ.