ಬಿಚ್ಚುವ ಮೊದಲು ಹೇಳು ನೋಡೋಣ

ಕೇಳುಗರಿಗೆ ನಮಸ್ಕಾರ. ಪುಟ್ಟ ಮಕ್ಕಳು ಆಕಾರಗಳನ್ನು ಆಟದಲ್ಲೇ ಹೇಗೆ ಕಲಿಯಬಹುದು ಅಂತ ಇವತ್ತು ನೋಡೋಣ. ಕೈಗೆಟಕುವ ಕಡೆ ಹಳೆ ನ್ಯೂಸ್‌ಪೇಪರು, ಕತ್ತರಿ ಇದ್ದರೆ ತಗೊಳ್ಳಿ. ಮನೆಯಲ್ಲಿ ಐದಾರು ವರ್ಷದ ಮಗು ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪೇಪರನ್ನು ಚೌಕವಾಗಿ ಕತ್ತರಿಸಿ, ಅರ್ಧಕ್ಕೆ ಮಡಚಿ. ಅಡ್ಡಕ್ಕೆ ಇನ್ನೊಂದು ಸಲ ಮಡಚಿ. ಈಗ ಕೈಯಲ್ಲಿ ಸಣ್ಣ ಚೌಕ. ಅದರ ಒಂದು ಮೂಲೆಯ ಎರಡೂ ಕಡೆ ಬರೀ ಮಡಿಕೆ ಇರುತ್ತದೆ. ಆ ಮೂಲೆಯನ್ನು ಚೂರು ಕತ್ತರಿಸಿ. ತಡೀರಿ, ಬಿಚ್ಚಬೇಡಿ! ‘ಬಿಚ್ಚಿದರೆ ತೂತು ಎಲ್ಲಿರುತ್ತೆ? ಎಷ್ಟಿರುತ್ತೆ?’ ಅಂತ ಮಗುವನ್ನು ಕೇಳಿ. ಕತ್ತರಿಸಿದ್ದು ಮೂಲೆ ತಾನೇ, ಹಾಗಾಗಿ ‘ಮೂಲೆಯಲ್ಲಿ’ ಅಂದರೂ ಅನ್ನಬಹುದು. ಈಗ ಬಿಚ್ಚಿ. ನಟ್ಟನಡುವೆ ಕಾಜು ಬರ್ಫಿಯಂಥ ಒಂದೇ ತೂತು! ಅದರ ಎದುರು ಮೂಲೆ ಕತ್ತರಿಸಿದ್ದರೆ? ಪೇಪರಿನ ನಾಲ್ಕೂ ಮೂಲೆ ಹೋಗುತ್ತಿತ್ತು.

ಬಿಚ್ಚುವ ಮೊದಲು ಮಗು ಸುಮ್ನೆ ಕೂತು ಯೋಚಿಸುತ್ತದಲ್ಲ, ಕಲಿಕೆ ನಡೆಯೋದು ಆಗಲೇ. ಪೇಪರನ್ನು ಅದು ಮನಸ್ಸಿನಲ್ಲೇ ಬಿಚ್ಚಿ ನೋಡುತ್ತಿರುತ್ತದೆ. ನಡುವೆ ನಾವು ಬಾಯಿ ಹಾಕಿದರೆ ಆಟ ಕೆಟ್ಟಿತು.

ಗೋಡೆಗೆ ಅಂಟಿಸುವ ಆಕಾರಗಳ ಚಾರ್ಟು ನನಗೆ ಅಷ್ಟು ಹಿಡಿಸುವುದಿಲ್ಲ. ಅದರಲ್ಲಿ ತ್ರಿಭುಜದ ತುದಿ ಸಾಮಾನ್ಯವಾಗಿ ಮೇಲಕ್ಕೇ ಇರುತ್ತದೆ. ತಲೆಕೆಳಗು ಮಾಡಿ ತೋರಿಸಿದರೆ ಎಷ್ಟೋ ಮಕ್ಕಳು ‘ಇದು ತ್ರಿಭುಜ ಅಲ್ಲ’ ಅಂದುಬಿಡುತ್ತಾರೆ. ಅದಕ್ಕಿಂತ ಮೂರು ಕಡ್ಡಿ ಕೊಡಿ, ಹೇಗೆ ಬೇಕೋ ಹಾಗೆ ಜೋಡಿಸಲಿ.

ಮಾತೂ ಬೇಕು. ‘ಅದನ್ನ ಅಲ್ಲಿಡು’ ಅನ್ನುವ ಬದಲು ‘ಆ ಉದ್ದನೆ ಡಬ್ಬಿ ಪಕ್ಕ, ಅಂಚಿಗೆ ಇಡು’ ಅನ್ನಿ. ಶಿಕಾಗೊ ವಿಶ್ವವಿದ್ಯಾಲಯದವರು 52 ಪುಟ್ಟ ಮಕ್ಕಳ ಮನೆಮಾತನ್ನು ಗಮನಿಸಿ, 2011ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಉದ್ದ, ಗಿಡ್ಡ, ಅಂಚು, ಡೊಂಕು, ಇಂಥ ಮಾತು ಜಾಸ್ತಿ ಆಡುತ್ತಿದ್ದ ಮಕ್ಕಳು ನಾಲ್ಕೂವರೆ ವರ್ಷದ ಹೊತ್ತಿಗೆ ಆಕಾರದ ಒಗಟುಗಳಲ್ಲಿ ಮುಂದಿದ್ದರು.

ಇನ್ನು ರಂಗೋಲಿ. ಐದರಿಂದ ಮೂರರವರೆಗೆ ಸಂದು ಚುಕ್ಕಿ ಇಡುವ ಕೆಲಸ ಮಗುವಿಗೆ ಬಿಡಿ, ಗಂಡುಮಗುವಿಗೂ ಸರಿಯೇ. ನಡುವಿನ ಸಾಲಿಗೆ ಐದು. ಅದರ ಮೇಲೆ, ಕೆಳಗೆ ನಾಲ್ಕು. ಆಮೇಲೆ ಮೂರು. ಪ್ರತಿ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೇ ಬರಬೇಕು. ತಪ್ಪಿದರೆ ಎಳೆ ಕೂಡುವುದಿಲ್ಲ, ಯಾರೂ ಹೇಳದೆ ಮಗುವಿಗೇ ಗೊತ್ತಾಗುತ್ತದೆ. ಒಟ್ಟು 19 ಚುಕ್ಕಿ. ಹೊರಗಿನವನ್ನು ಸೇರಿಸಿ ಗೆರೆ ಎಳೆದರೆ ಎಷ್ಟು ಮೂಲೆ ಬರುತ್ತೆ ಅಂತ ಮೊದಲೇ ಕೇಳಿ. ಆರು. ಅರ್ಧ ರಂಗೋಲಿ ನೀವು ಬಿಡಿಸಿ, ಉಳಿದರ್ಧ ಮಗು ಬಿಡಿಸಲಿ. ನೆಲ ಒರೆಸುವ ಚಿಂತೆಯಿದ್ದರೆ ಸ್ಲೇಟು, ಬಳಪ ಸಾಕು.

ಮೂರು ವರ್ಷದವರಿಗೆ ಚುಕ್ಕಿ ಬೇಡ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹರಡಿ, ಯಾವುದಕ್ಕೆ ಯಾವ ಮುಚ್ಚಳ ಅಂತ ಹುಡುಕಲು ಬಿಡಿ. ನಮಸ್ಕಾರ.